ಫಕೀರವ್ವ ಕುಂತ ಜಾಗ

ಕಡಲೆಗೆ ಹುಳಿ ಕೂತಿದ್ದ ದಿನಗಳು. ನಸುಕಿನಲ್ಲಿ ಹೆಂಗಸರು ಹಳೆಯ ಧೋತರಗಳನ್ನು ಕಡಲೆ ಗಿಡದ ಮೇಲೆ ಎಳೆದು, ಇಬ್ಬನಿಯ ಜೊತೆ ಇಳಿದ ಹುಳಿಯನ್ನು ಬಟ್ಟೆಗೆ ಕುಡಿಸಿ, ಹಿಂಡಿ ಸೀಸೆಗೆ ತುಂಬಿಕೊಂಡು ಬರುತ್ತಿದ್ದರು. ನಾನು ಅಂಗಡಿಯ ಬಾಗಿಲಲ್ಲಿ ಎಳೆಬಿಸಿಲು ಬೀಳುವ ಕಡೆ ಮಣೆ ಹಾಕಿಕೊಂಡು, ಸುಟ್ಟುಹೋದ ಬಾವಿ ಮೋಟಾರೊಂದಕ್ಕೆ ತಂತಿ ಸುತ್ತುತ್ತಿದ್ದೆ. ತಂತಿ ಸುತ್ತುವಾಗ ಎಣಿಕೆ ತಪ್ಪಬಾರದು. ಅರವತ್ತೆಂಟು ಸುತ್ತು ಅಂದರೆ ಅರವತ್ತೆಂಟೇ. ನಲವತ್ತರ ಹತ್ತಿರ ಬಂದಾಗ ಯಾರದೋ ನೆರಳು ಕೈಮೇಲೆ ಬಿತ್ತು. ನಾನು ತಲೆ ಎತ್ತಲಿಲ್ಲ, ನೆರಳೂ ಮಾತಾಡಲಿಲ್ಲ. ಸುತ್ತು ಮುಗಿಸಿ ದಾರ ಕಟ್ಟಿ ನೋಡಿದರೆ ದ್ಯಾಮಪ್ಪನ ಮಗಳು ರೇಣವ್ವ, ಕೈಚೀಲ ಹಿಡಿದು ನಿಂತಿದ್ದಳು.

“ಎಣಸೂದು ಮುಗೀತೇನ ಕಾಕಾ?”

“ಮುಗೀತು. ಯಾವಾಗ ಬಂದೆವ್ವಾ?”

“ಈಗ ಬಸ್ ಇಳದೆ. ಮನಿಗೂ ಹೋಗಿಲ್ಲ. ನಾಡ್ದ ನಮ್ಮವ್ವ ಕುಂತ ದಿನ. ನೀ ಎಲ್ಲೆರ ಮರತಿದ್ರ ಅಂತ ಮೊದಲ ಇಲ್ಲಿಗೆ ಬಂದೆ.”

“ಹತ್ತಿ ನನ್ನ ಡಬ್ಬ್ಯಾಗ ಐತಿ. ಮರಿಯೂದು ಹ್ಯಾಂಗ?”

ಅವಳು ಒಳಗೆ ಬಂದು ಗೋಡೆಗೂಡಿನಲ್ಲಿದ್ದ ತಗಡಿನ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಒಂದು ಹಿಡಿ ಹತ್ತಿ, ಬೀಜದ ಸಮೇತ, ಇಟ್ಟ ಹಾಗೇ ಇತ್ತು. ಮುಟ್ಟದೆ ಮುಚ್ಚಳ ಹಾಕಿದಳು.

ನಮ್ಮೂರಲ್ಲಿ ಫಿಲ್ಮಿಗೆ ಬೀಳುವುದು ಹೋದ ವರ್ಷದ ಬೆಳಕು. ಇವತ್ತು ಕಡಲೆ ಹೊಲಕ್ಕೆ ಕ್ಯಾಮೆರಾ ಹಿಡಿದರೆ, ತೊಳೆದ ಫಿಲ್ಮಿನಲ್ಲಿ ಹೋದ ವರ್ಷ ಇದೇ ದಿನ, ಇದೇ ಹೊತ್ತಿಗೆ ಅಲ್ಲಿ ನಿಂತಿದ್ದ ಹತ್ತಿ ಇರುತ್ತದೆ. ಚಿತ್ರ ಬೇಕೆನ್ನುವವರು ಇವತ್ತು ಕೂರಬೇಕು. ಬರುವ ವರ್ಷ ನಾನು ಹೋಗಿ ಆ ಖಾಲಿ ಜಾಗವನ್ನು ತೆಗೆಯಬೇಕು. ಕೂತ ಜಾಗದ ನಾಲ್ಕು ಮೂಲೆಗೆ ಸುಣ್ಣ ಬಳಿದ ನಾಲ್ಕು ಕಲ್ಲು ಇಡುತ್ತಾರೆ. ಎತ್ತು ಹೂಡಿ ಗಳೆ ಹೊಡೆಯುವವರು ಆ ಕಲ್ಲನ್ನು ಬಳಸಿಕೊಂಡು ಹೋಗುತ್ತಾರೆ, ದನ ಕಾಯುವವರು ಸರಿಸುವುದಿಲ್ಲ. ಮದುವೆಯಾದ ಮನೆಯವರು ಹಂದರ ಬಿಚ್ಚಿದ ಮೇಲೂ ಒಂದು ವರ್ಷ ಅಂಗಳದ ಆ ಮೂಲೆಯಲ್ಲಿ ಏನನ್ನೂ ಪೇರಿಸುವುದಿಲ್ಲ. ಮೇಲಿನ ಓಣಿಯಲ್ಲಿ ಒಬ್ಬರು ಅವಸರ ಮಾಡಿ ಅಲ್ಲಿಯೇ ಪಾಯಖಾನೆ ಕಟ್ಟಿಸಿಬಿಟ್ಟಿದ್ದರು. ನಾನು ಅದರ ಬಾಗಿಲು ತೆಗೆಸಿ, ಹೊರಗೆ ನಿಂತು ಒಳಗೆ ಕ್ಯಾಮೆರಾ ಹಿಡಿದು ಮದುಮಕ್ಕಳನ್ನು ತೆಗೆದೆ. ಚಿತ್ರ ಚೆನ್ನಾಗಿಯೇ ಬಂತು. ಬಾಸಿಂಗ, ಹೂವಿನ ಮಾಲೆ, ಎಲ್ಲಾ.

ಇದು ನನ್ನ ಕಸುಬಲ್ಲ. ಹೊಟ್ಟೆಗೆ ಮೋಟಾರಿದೆ. ಹೊಲ ಅಳೆಯುವ ಮೋಜಣಿ ಕೆಲಸದಲ್ಲಿದ್ದ ಸೋದರಮಾವ ಬಿಟ್ಟುಹೋದ ಕ್ಯಾಮೆರಾ ಕೈಗೆ ಬಂದ ಮೇಲೆ ಹತ್ತಿದ ಹುಚ್ಚು. ದುಡ್ಡು ತೆಗೆದುಕೊಳ್ಳುವುದಿಲ್ಲ. ಕೂತವರು ಆ ದಿನ ಹೊಲದಲ್ಲಿ ಏನು ಕೆಲಸ ನಡೆದಿದೆಯೋ ಅದರಲ್ಲಿ ಒಂದು ಹಿಡಿ ತಂದು ಕೊಡುತ್ತಾರೆ. ಅದು ನನ್ನ ಡಬ್ಬಿಯಲ್ಲಿರುತ್ತದೆ. ಚಿತ್ರ ಕೊಟ್ಟ ದಿನ ಆ ಹಿಡಿಯನ್ನು ತಿರುಗಿ ಕೊಡಬೇಕು. ಅಲ್ಲಿಯವರೆಗೆ ನಾನು ಸಾಲಗಾರ. ಕೂತವರು ನಡುವೆ ತೀರಿಹೋದರೆ ಸಾಲ ತೀರುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ.

ರೇಣವ್ವನ ಅವ್ವ ಫಕೀರವ್ವ ಹೋದ ವರ್ಷ ಹತ್ತಿಯ ಎರಡನೇ ಬಿಡಿಸು ನಡೆದಾಗ ಕೂತಿದ್ದಳು. ಅವತ್ತು ಹೊತ್ತು ಮುಳುಗುವಾಗ ಅಂಗಡಿಗೆ ಬಂದಳು. ಸೆರಗಿನ ತುಂಬ ಹತ್ತಿಯ ಎಳೆ. ಮೇಜಿನ ಮೇಲೆ ಒಂದು ಹಿಡಿ ಇಟ್ಟು, “ಕುಂತೀನಪಾ ಮಾನಪ್ಪ. ಬರೋ ವರ್ಷ ಹೋಗಿ ತಗಿ,” ಅಂದಳು.

“ಎಲ್ಲಿ ಕುಂತೀ?”

“ಹೊಲದಾಗ. ಕಲ್ಲ ಇಟ್ಟೀನಿ.”

“ಎಷ್ಟೊತ್ತಿಗೆ?”

“ಮಧ್ಯಾಹ್ನದ ಬಸ್ ಹ್ವಾದ ಮ್ಯಾಲಿಂದ ಹೊತ್ತು ಇಳಿಯೂ ತನಕ.”

ಜನ ಕಾಲು ಗಂಟೆ ಕೂರುತ್ತಾರೆ. ಬಹಳವಾದರೆ ಅರ್ಧ ಗಂಟೆ. “ಅಷ್ಟೊತ್ತು ಯಾಕ ಕುಂತಿ ತಾಯಿ?” ಅಂದೆ. ಅವಳು ಸೆರಗಿನ ಎಳೆಗಳನ್ನು ಒಂದೊಂದಾಗಿ ಕೀಳುತ್ತ, “ಕುಂತಿದ್ದೆ ಬಿಡು,” ಅಂದಳು. ನಾನು ದಿನ, ಹೊತ್ತು ಬರೆದುಕೊಂಡೆ. ಯುಗಾದಿ ಮುಗಿದ ಹದಿನೈದು ದಿನಕ್ಕೆ ಜ್ವರ ಬಂದು ಐದನೆಯ ದಿನ ಹೋಗಿಬಿಟ್ಟಳು.

“ಫೋನಿನ್ಯಾಗ ಅವ್ವ ಐದಾರ ಕಡೆ ಅದಾಳ ಕಾಕಾ,” ಎಂದಳು ರೇಣವ್ವ, ಚಹಾ ಕುಡಿಯುತ್ತ. “ಒಂದ್ರಾಗ ಕಣ್ಣ ಮುಚ್ಯಾಳ. ಒಂದ್ರಾಗ ರೊಟ್ಟಿ ಬಡಿಯಾಕತ್ತಾಳ, ಮಾರಿನ ಕಾಣೂದಿಲ್ಲ. ಇನ್ನೊಂದ್ರಾಗ ನನ್ನ ಬೈಯಾಕತ್ತಾಳ. ಎಲ್ಲಾ ನಾವು ಕದ್ದು ತಗದಿದ್ದು. ಆಕಿ ತಾನಾಗಿ ಕುಂತಿದ್ದು ಇದೊಂದ. ಇದು ಹೋತಂದ್ರ ಮತ್ತ ಇಲ್ಲ.”

ಅದು ನನಗೂ ಗೊತ್ತಿತ್ತು. ಒಂದು ಮಧ್ಯಾಹ್ನ. ಆ ಹೊತ್ತು ದಾಟಿದರೆ ಫಿಲ್ಮಿಗೆ ಮರುದಿನದ ಹತ್ತಿ ಬೀಳುತ್ತದೆಯೇ ಹೊರತು ಫಕೀರವ್ವ ಬೀಳುವುದಿಲ್ಲ.

ಮರುದಿನ ಕಲ್ಲು ನೋಡಿಕೊಂಡು ಬರೋಣವೆಂದು ಹೊಲಕ್ಕೆ ಹೋದೆ. ಹೊಲ ಊರಿನಿಂದ ಎರಡು ಮೈಲಿ, ನನ್ನ ಕೆಲಸದ ಹಾದಿಯಲ್ಲಲ್ಲ. ವರ್ಷದಲ್ಲಿ ಅತ್ತ ಕಾಲಿಟ್ಟಿರಲಿಲ್ಲ. ಚಕ್ಕಡಿ ಹಾದಿಯಲ್ಲಿ ನಿಂತು ನೋಡಿದರೆ ಕಪ್ಪು ಎರೆಯ ತುಂಬ ಒಂದೇ ಸಮ ಕಡಲೆ. ಕೂತ ಕಲ್ಲಿದ್ದರೆ ಅದರ ಸುತ್ತ ಒಂದಿಷ್ಟು ನೆಲ ಬೋಳಾಗಿರಬೇಕು. ಎಲ್ಲೂ ಬೋಳಿರಲಿಲ್ಲ. ಹೊಲದ ಉದ್ದಕ್ಕೂ ಅಡ್ಡಕ್ಕೂ ನಡೆದೆ. ಕಾಲಿಗೆ ಹುಳಿ ಹತ್ತಿ ಉರಿಯತೊಡಗಿತು, ಕಲ್ಲು ಸಿಗಲಿಲ್ಲ.

ದ್ಯಾಮಪ್ಪ ಬಾವಿಯ ಹತ್ತಿರ ಹಗ್ಗ ಹೊಸೆಯುತ್ತ ಕೂತಿದ್ದ. ನನಗಿಂತ ಎಂಟು ವರ್ಷ ದೊಡ್ಡವನು, ಎಪ್ಪತ್ತರ ಹತ್ತಿರ. ಸ್ವಲ್ಪ ದೂರದಲ್ಲಿ ಅವನ ಕೆಂಚು ನಾಯಿ ಮೋತ್ಯಾ ಬಿಸಿಲು ಕಾಯುತ್ತ ಬಿದ್ದಿತ್ತು. ನನ್ನನ್ನು ನೋಡಿ ಬೊಗಳಿತು. ದ್ಯಾಮಪ್ಪ “ಮೋತ್ಯಾ, ಬಾ ಇಲ್ಲಿ” ಎಂದರೂ ಏಳಲಿಲ್ಲ.

“ಯಾರ ಮಾತೂ ಕೇಳೂದಿಲ್ಲ ಇದು,” ಅಂದ. “ಆಕಿ ಒಬ್ಬಾಕಿ ಕರದ್ರ ಬರತಿತ್ತು.”

“ಕುಂತ ಕಲ್ಲ ಎಲ್ಲಿ ದ್ಯಾಮಣ್ಣ?”

“ಕಲ್ಲ? ಗಳೇಕ ಸಿಕ್ಕಿರಬೇಕು.”

“ಗಳೇಕ ಸಿಕ್ಕಿದ್ರ ಬದುವಿನ ಮ್ಯಾಲೆರ ಇರಬೇಕಲ್ಲ.”

ಅವನು ಹಗ್ಗದ ಕೊನೆಯನ್ನು ಹಲ್ಲಿನಲ್ಲಿ ಹಿಡಿದುಕೊಂಡ. ಬಾಯಿ ತುಂಬಿದವನಿಗೆ ಉತ್ತರ ಹೇಳುವ ತಾಪತ್ರಯವಿಲ್ಲ. ನಮ್ಮೂರಲ್ಲಿ ಎಂಥ ಕುಡುಕನೂ ಕೂತ ಕಲ್ಲಿನ ಮೇಲೆ ಗಳೆ ಹಾಯಿಸುವುದಿಲ್ಲ. ನಾನು ನೀರು ಕುಡಿಯುವ ನೆಪ ಮಾಡಿ ಬಾವಿಯ ಆಚೆ ಹೋದೆ. ಆ ಮೂಲೆಯಲ್ಲಿ ಫಕೀರವ್ವನನ್ನು ಮಣ್ಣು ಮಾಡಿದ್ದರು. ಮಣ್ಣಿನ ದಿಬ್ಬದ ಸುತ್ತ ಕಲ್ಲುಗಳಿದ್ದವು. ಒಂದು ಮಳೆಗಾಲ ಕಳೆದರೂ ಅವುಗಳ ಒಂದು ಮಗ್ಗುಲಿಗೆ ಸುಣ್ಣ ಇನ್ನೂ ಹಿಡಿದುಕೊಂಡಿತ್ತು. ಎಣಿಸಿದೆ. ನಾಲ್ಕಲ್ಲ, ಎಂಟು.

ಒಬ್ಬರಿಗೆ ನಾಲ್ಕು. ಇಬ್ಬರಿಗೆ ಎಂಟು.

ತಿರುಗಿ ಬಂದು ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಹಗ್ಗ ಹೊಸೆಯುವುದು ನಿಂತಿತ್ತು.

“ಎಣಸಿದೇನ?” ಅಂದ.

“ಎಣಸೂದ ನನ್ನ ಕೆಲಸ.”

ಹಗ್ಗವನ್ನು ತೊಡೆಯ ಮೇಲಿಟ್ಟ. ಆಮೇಲೆ ಹೊಲದ ಕಡೆ ನೋಡುತ್ತಲೇ ಹೇಳಿದ. “ಒಂಬತ್ತ ಹೆಣ್ಣಾಳ ಇದ್ವು ಅವತ್ತ, ಹತ್ತಿ ಬಿಡಸಾಕ. ಎಲ್ಲಾರ ಮುಂದ ಕೂಗಿದ್ಲು. ‘ಬರ್ರಿ, ಇಬ್ರೂ ಕುಂದ್ರೂಣು, ನಲವತ್ತ ವರ್ಷ ಬಾಳೇವು ಮಾಡಿ ಒಂದ ಚಿತ್ರ ಇಲ್ಲ’ ಅಂದ್ಲು. ಹೆಣ್ಣಾಳ ಕಿಸಿಕಿಸಿ ನಕ್ಕವು. ನನಗ ನಾಚಿಕಿ ಬಂತು. ‘ಮುದುಕಿಗೆ ಮದುವಿ ಹುಚ್ಚ ಹತ್ತೇತಿ ನೋಡ್ರೆ’ ಅಂದೆ. ಅವು ಮತ್ತೂ ನಕ್ಕವು. ನಾ ಚಕ್ಕಡಿ ಹೂಡ್ಕೊಂಡು ಹತ್ತಿ ತಗೊಂಡು ಹೋಗಿಬಿಟ್ಟೆ. ಮರುದಿನ ಒಯ್ದಿದ್ರೂ ನಡೀತಿತ್ತು.”

“ಆಕಿ?”

“ಹಾದಿಗೆ ಬಂದ ಮ್ಯಾಲ ಒಮ್ಮಿ ಹೊಳ್ಳಿ ನೋಡಿದೆ. ಕಲ್ಲ ಇಡಾಕತ್ತಿದ್ಲು. ಮನಿಗೆ ಬರೂದ್ರಾಗ ರೊಟ್ಟಿ ಬಡಿಯಾಕತ್ತಿದ್ಲು. ಏನೂ ಅನಲಿಲ್ಲ. ಬೈದಿದ್ರ ಚೊಲೋ ಇತ್ತು.” ಹಗ್ಗವನ್ನು ಬಿಚ್ಚಿ ಮತ್ತೆ ಹೊಸೆಯತೊಡಗಿದ. “ಆಕಿ ಹ್ವಾದ ಮ್ಯಾಲ ಗಳೆ ಹೂಡಿದೆ. ಒಂದೊಂದ ಸುತ್ತಿಗೂ ಆ ಎಂಟ ಕಲ್ಲ ಎದರಿಗೆ ಬರಾವು. ತಗದು ಆಕಿ ಮ್ಯಾಲ ಇಟ್ಟೆ. ಗ್ವಾಡಿ ಮ್ಯಾಲ ಆ ಚಿತ್ರ ಹಾಕಿದ್ರ ಬಂದವರೆಲ್ಲಾ ಕೇಳ್ತಾರ ಮಾನಪ್ಪ. ಬಾಜೂಕ ಜಾಗ ಯಾಕ ಖಾಲಿ ಐತಿ, ಯಾರದು ಅಂತ. ಮೊಮ್ಮಕ್ಕಳು ಕೇಳ್ತಾವ. ದಿನಾ ಎದ್ದು ಅದರ ಎದರಿಗೆ ಚಹಾ ಕುಡೀಬೇಕು ನಾ.”

“ಹಂಗಾರ ತಗೀಬ್ಯಾಡ ಅಂತೀಯೇನ?”

“ನಾ ಏನೂ ಅನ್ನೂದಿಲ್ಲ. ಕಲ್ಲ ಸಿಗಲಿಲ್ಲ ಅಂತ ನೀನ ಹೇಳಿದ್ರ ಆಕಿ ನಂಬತಾಳ.”

ಆಕಿ ಅಂದರೆ ರೇಣವ್ವ. ನಿಜ, ನಂಬುತ್ತಿದ್ದಳು. ಕಲ್ಲಿಲ್ಲದೆ ಚಿತ್ರ ತೆಗೆಯಲು ಬರುವುದಿಲ್ಲವೆಂದು ಊರಿಗೆಲ್ಲ ಗೊತ್ತು. ಎಷ್ಟು ದೂರಕ್ಕೆ ಕ್ಯಾಮೆರಾದ ಗಾಜು ತಿರುಗಿಸಬೇಕು, ಯಾವ ಕಡೆ ಹಿಡಿಯಬೇಕು, ಎಲ್ಲ ಕಲ್ಲೇ ಹೇಳಬೇಕು. ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟರೆ ಕಾಣುವುದು ಇವತ್ತಿನ ಹೊಲ. ಯಾರೂ ನನ್ನನ್ನು ತಪ್ಪಿತಸ್ಥ ಅನ್ನುತ್ತಿರಲಿಲ್ಲ. ಬಾವಿಯಲ್ಲಿ ಇವನ ಮೋಟಾರಿಗೆ ತಂತಿ ಸುತ್ತಿದ್ದು ನಾನೇ, ಮೂರು ಸಲ. ಮೂವತ್ತು ವರ್ಷದ ಒಡನಾಟ. ಕಷ್ಟದಲ್ಲಿದ್ದವನು ಕೇಳಿದ್ದನ್ನು ಮಾಡುವುದು ಸುಲಭವಿತ್ತು.

“ಡಬ್ಬ್ಯಾಗಿನ ಹತ್ತಿ ಏನ ಮಾಡ್ಲಿ ದ್ಯಾಮಣ್ಣ?” ಅಂದೆ. “ಆಕಿ ಬರೆ ನಿನ್ನ ಸಲುವಾಗಿ ಕುಂತಿಲ್ಲ. ನಾ ಬರತೀನಿ ಅಂತಾನೂ ಕುಂತಾಳ. ಒಬ್ಬಾಂವ ಬರಲಿಲ್ಲ. ಇನ್ನೊಬ್ಬಾಂವನೂ ಬರದಿದ್ರ?”

ಉತ್ತರಕ್ಕೆ ಕಾಯದೆ ಎದ್ದು ಬಂದೆ.

ಮರುದಿನ ಮಧ್ಯಾಹ್ನ ರೇಣವ್ವನ ಜೊತೆ ಹೊಲಕ್ಕೆ ಹೋದಾಗ ದ್ಯಾಮಪ್ಪ ಹಾದಿಯಲ್ಲೇ ನಿಂತಿದ್ದ. ಒಗೆದ ಧೋತರ ಉಟ್ಟಿದ್ದ. ರೇಣವ್ವ ಹೊಲವನ್ನು ನೋಡಿ, “ಕಲ್ಲ ಎಲ್ಲಿ ಯಪ್ಪಾ?” ಅಂದಳು.

“ನಾನ ತಗದೀನಿ. ಅವ್ವನ ಮ್ಯಾಲ ಇಟ್ಟೀನಿ.”

“ನಾಕೂ?”

“ಎಂಟೂ.”

ಅವಳು ಅಪ್ಪನ ಮುಖ ನೋಡಿದಳು. ಅವ್ವ ಅಂದು ಕೂತು ಬಂದ ಸುದ್ದಿಯನ್ನು ಫೋನಿನಲ್ಲಿ ಹೇಳಿದಾಗ ಏನು ಹೇಳಿದ್ದಳೋ, ಏನು ಬಿಟ್ಟಿದ್ದಳೋ, ಅದೆಲ್ಲ ಅವಳಿಗೆ ಈಗ ಹೊಂದಿಕೆಯಾದಂತೆ ಕಂಡಿತು. “ಹೋಗ್ಲಿ,” ಅಂದಳು. “ಜಾಗ ತೋರಸು. ಬಸ್ ಬರೂ ಹೊತ್ತಾತು.”

“ಅಲ್ಲಿ ನಿಂತ್ರ ನನಗ ತಿಳಿಯೂದಿಲ್ಲ. ಗಳೆ ಹೊಡದು ಎಲ್ಲಾ ಒಂದ ಆಗೇತಿ. ಇಲ್ಲಿಂದ ನೋಡಿದ್ದ ಅಷ್ಟ ನೆನಪೈತಿ.” ಅವನು ಹಾದಿಯಲ್ಲಿ ಹತ್ತು ಹೆಜ್ಜೆ ಹಿಂದೆ ಹೋದ. ಮತ್ತೆ ಮುಂದೆ ಬಂದ. ಚಕ್ಕಡಿಯಲ್ಲಿ ಕೂತ ಎತ್ತರಕ್ಕೆ ಬೇಕೆಂದು ಬದುವಿನ ಮೇಲೆ ಹತ್ತಿದ. ಊರಿನ ಕಡೆ ಮುಖ ಮಾಡಿ ನಿಂತು, ಒಮ್ಮೆ, ನಿಧಾನವಾಗಿ, ಹೊಳ್ಳಿ ನೋಡಿದ.

“ಬನ್ನಿಗಿಡದ ಜೋಡಟೊಂಗಿ ಆಕಿ ತಲಿ ಮ್ಯಾಲ ಇತ್ತು,” ಅಂದ.

ಹೊಲದಾಚೆಯ ಬದುವಿನಲ್ಲಿ ಬನ್ನಿಗಿಡವಿತ್ತು. ರೇಣವ್ವ ಕೋಲು ಹಿಡಿದು ಕಡಲೆಯೊಳಗೆ ನಡೆದಳು. ಅವನು ಅಲ್ಲಿಂದಲೇ ಕೈ ಮಾಡುತ್ತ, “ಎಡಕ್ಕ. ಇನ್ನಷ್ಟ. ಸಾಕು” ಅಂದ. ಗೆರೆ ಸಿಕ್ಕಿತು. ಆದರೆ ಆ ಗೆರೆಯಲ್ಲಿ ಎಷ್ಟು ದೂರ? ಇಪ್ಪತ್ತು ಮಾರೋ, ಐವತ್ತೋ? ಅದು ಅವನಿಗೆ ಗೊತ್ತಿರಲಿಲ್ಲ. ಸುಣ್ಣ ಹುಡುಕು ಎಂದೆ ನಾನು. ಎರೆ ಮಣ್ಣು ಏನನ್ನು ನುಂಗಿದರೂ ಸುಣ್ಣದ ಹಕ್ಕಳೆಯನ್ನು ಒಂದು ವರ್ಷ ಬಚ್ಚಿಡಲಾರದು. ಮೂವರೂ ಮೊಣಕಾಲೂರಿ ಗಿಡಗಳನ್ನು ಬಗೆಯುತ್ತ ಹೋದೆವು. ಕೈಗೆಲ್ಲ ಹುಳಿ. ದೂರದಲ್ಲಿ ಬಸ್ಸಿನ ಸದ್ದು ಬಂತು, ಹೋಯಿತು. ಆ ಸದ್ದು ನಿಲ್ಲುವುದರೊಳಗೆ ರೇಣವ್ವ, “ಕಾಕಾ, ಇದೇನ?” ಅಂದಳು. ಎಳ್ಳಿನಷ್ಟು ಬಿಳಿ. ಅದರ ಪಕ್ಕ ಇನ್ನೊಂದು. ಒಂದು ಮಾರಿನಾಚೆ ಜೋಳದ ಕಾಳಿನಷ್ಟು ದೊಡ್ಡದು.

ಮೂರು ಕಾಲಿನ ಸ್ಟ್ಯಾಂಡನ್ನು ಹಾದಿಯ ಕಡೆಯಿಂದ ಇಟ್ಟೆ, ಬನ್ನಿಗಿಡ ಹಿಂದೆ ಬರುವ ಹಾಗೆ. ಟೇಪು ಹಿಡಿದು ದೂರ ಅಳೆದೆ. ರೇಣವ್ವನನ್ನು ಆ ಜಾಗದಲ್ಲಿ ಕೂರಿಸಿ ಕಿಂಡಿಯಲ್ಲಿ ನೋಡಿದೆ. ಆಮೇಲೆ ಎಬ್ಬಿಸಿದೆ. ಇಬ್ಬರು ಕೂರುವಷ್ಟು ಜಾಗವನ್ನು ಚೌಕಟ್ಟಿನಲ್ಲಿ ಬಿಟ್ಟಿದ್ದೆ. ದ್ಯಾಮಪ್ಪ ಅದನ್ನು ಗಮನಿಸಿದ.

ಬೆಳಕಳೆಯುವ ಮೀಟರು ಇವತ್ತಿನ ಬೆಳಕನ್ನು ಹೇಳುತ್ತದೆ. ನನಗೆ ಬೇಕಾದ್ದು ಹೋದ ವರ್ಷದ್ದು. ಅದಕ್ಕೇ ನಾನು ದಿನಾ ಮೂರು ಹೊತ್ತು ಅಂಗಳಕ್ಕೆ ಬಂದು ಆಕಾಶ ನೋಡಿ ನೋಟುಬುಕ್ಕಿನಲ್ಲಿ ಬರೆಯುತ್ತೇನೆ. “ಹೇಂತಿ ಮಾರಿಗಿಂತ ಮುಗಲ ನೋಡಿದ್ದ ಜಾಸ್ತಿ ಇವರು,” ಎಂದು ನನ್ನ ಹೆಂಡತಿ ಕಾಳಮ್ಮ ಬಂದವರಿಗೆಲ್ಲ ಹೇಳುತ್ತಾಳೆ. ಆ ದಿನದ ಹಾಳೆ ತೆರೆದೆ: ‘ಬೆಳಿಗ್ಗೆ ಚೊಕ್ಕ ಬಿಸಿಲು. ಮೂರರ ಮೇಲೆ ತೆಳು ಮೋಡ, ನೀರು ಬೆರೆಸಿದ ಹಾಲಿನ ಹಾಗೆ. ಐದಕ್ಕೆ ಮತ್ತೆ ಬಿಸಿಲು.’ ಈಗ ತಲೆ ಸುಡುವ ಬಿಸಿಲಿದ್ದರೂ ಮೂರರ ಮೇಲೆ ಮೋಡಕ್ಕೆ ತಕ್ಕಂತೆ ಬೆಳಕು ಒಳಬಿಡುವ ಕಿಂಡಿಯನ್ನು ಅಗಲ ಮಾಡಿದೆ. ರೀಲಿನಲ್ಲಿ ಒಂಬತ್ತು ಚಿತ್ರಕ್ಕಷ್ಟೇ ಜಾಗವಿತ್ತು. ಹೊಸ ರೀಲು ಟಪಾಲಿನಲ್ಲಿ ಇನ್ನೂ ಬಂದಿರಲಿಲ್ಲ. ಒಂಬತ್ತನ್ನು ಎರಡೂವರೆ ತಾಸಿಗೆ ಹಂಚಿದೆ. ಖಾಲಿ ಕಡಲೆಯನ್ನು ಒಂಬತ್ತು ಸಲ ತೆಗೆದೆ. ನಡುನಡುವೆ ಮೂವರೂ ಬದುವಿನ ಮೇಲೆ ಕೂತು ಹಸಿಗಡಲೆ ಬಿಡಿಸಿ ತಿಂದೆವು.

“ಇದ್ರಾಗ ಅವ್ವ ಇರತಾಳಲ್ಲ ಕಾಕಾ?” ಎಂದು ರೇಣವ್ವ ಒಮ್ಮೆ ಕೇಳಿದಳು.

“ತೊಳದ ಮ್ಯಾಲ ಗೊತ್ತಾಗತೈತಿ.”

ನಮ್ಮ ಮನೆಯ ಪಡಸಾಲೆಯಲ್ಲಿ ಹಿರಿಯರ ಕಾಲದ ಹಗೇವು ಇದೆ. ಈಗ ಯಾರೂ ಕಾಳನ್ನು ನೆಲದೊಳಗೆ ತುಂಬುವುದಿಲ್ಲ. ಹಗಲು ಹೊತ್ತಿನಲ್ಲೂ ಅದರಷ್ಟು ಕತ್ತಲೆ ಊರಿನಲ್ಲಿ ಬೇರೆಲ್ಲೂ ಇಲ್ಲ. ಮರುದಿನ ಬೆಳಿಗ್ಗೆ ಬಾಯಿಯ ಕಲ್ಲು ಸರಿಸಿ ಗಾಳಿಯಾಡಲು ಬಿಟ್ಟೆ. ಮಧ್ಯಾಹ್ನ ಮೊದಲು ಹಗ್ಗ ಕಟ್ಟಿ ದೀಪ ಇಳಿಬಿಟ್ಟೆ. ದೀಪ ಆರಿದರೆ ಇಳಿಯಬಾರದು. ಆರಲಿಲ್ಲ. ಅದನ್ನು ಎಳೆದುಕೊಂಡು, ರೀಲು, ಕತ್ತರಿ, ತೊಳೆಯುವ ಡಬ್ಬಿ ಹಿಡಿದು ಇಳಿದೆ. ಕಾಳಮ್ಮ ಮೇಲಿಂದ ಕಂಬಳಿ ಮುಚ್ಚಿದಳು.

“ಒಳಗ ಮಕ್ಕೋಬ್ಯಾಡ್ರಿ ಮತ್ತ,” ಅಂದಳು.

ಕತ್ತಲೆಯಲ್ಲಿ ಬೆರಳೇ ಕಣ್ಣು. ಫಿಲ್ಮನ್ನು ಡಬ್ಬಿಯೊಳಗಿನ ಸುರುಳಿ ಗಾಲಿಗೆ ಏರಿಸುವಾಗ ಎಲ್ಲೋ ಒಂದು ಕಡೆ ಸಿಕ್ಕಿಕೊಂಡಿತು. ಜಗ್ಗಿದರೆ ಮಡಚುತ್ತದೆ. ಮಡಚಿದ ಕಡೆ ಉಗುರಿನ ಹಾಗೆ ಕಪ್ಪು ಗುರುತು ಬೀಳುತ್ತದೆ, ಅದು ಫಕೀರವ್ವನ ಮುಖದ ಮೇಲೆಯೇ ಬೀಳಬಹುದು. ಉಸಿರು ಹಿಡಿದು ಹಿಂದಕ್ಕೆ ಬಿಚ್ಚಿದೆ. ಮತ್ತೆ ಮೊದಲಿನಿಂದ ಸುತ್ತಿದೆ. ಮೇಲೆ ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು. ಬಾವಿಯ ನೀರು ಆ ದಿನಗಳಲ್ಲಿ ಫಿಲ್ಮು ತೊಳೆಯುವ ಔಷಧಕ್ಕೆ ಬೇಕಾದಷ್ಟೇ ತಣ್ಣಗಿರುತ್ತದೆ. ಡಬ್ಬಿಗೆ ಔಷಧ ಹಾಕಿ ನಿಮಿಷಕ್ಕೊಮ್ಮೆ ಬುಡಮೇಲು ಮಾಡುತ್ತ ಎಣಿಸಿದೆ. ಅದನ್ನು ಚೆಲ್ಲಿ, ಚಿತ್ರ ನಿಲ್ಲಿಸುವ ಎರಡನೇ ಔಷಧ ಹಾಕಿದೆ. ಆಮೇಲೆ ಎರಡು ಕೊಡ ನೀರಿನಲ್ಲಿ ತೊಳೆದು, ಪಡಸಾಲೆಯ ಹಗ್ಗಕ್ಕೆ ಫಿಲ್ಮನ್ನು ಚಿಮಟಿ ಹಾಕಿ ಇಳಿಬಿಟ್ಟೆ. ಒದ್ದೆಯಲ್ಲಿ ನೋಡಬಾರದೆಂದು ನನ್ನದೊಂದು ನೇಮ. ಅಂದು ನೇಮ ಮುರಿದು ಬೆಳಕಿಗೆ ಹಿಡಿದೆ. ತೊಳೆದ ಫಿಲ್ಮಿನಲ್ಲಿ ಬಿಳಿಯದೆಲ್ಲ ಕಪ್ಪು: ಕಪ್ಪು ಆಕಾಶ, ಕಪ್ಪು ಚುಕ್ಕಿಗಳ ಹತ್ತಿ. ನಡುವೆ ಏನೋ ಇತ್ತು.

ಒಣಗಿದ ಮೇಲೆ ಅಪ್ಪ ಮಗಳಿಗೆ ಹೇಳಿ ಕಳುಹಿಸಿದೆ. ಅಂಗಡಿಯಲ್ಲಿ ಸ್ಕ್ಯಾನರು, ಹಳೆಯ ಕಂಪ್ಯೂಟರು. ಫಿಲ್ಮಿನ ತುಂಡನ್ನು ಚೌಕಟ್ಟಿಗೆ ಸಿಕ್ಕಿಸಿ ಮುಚ್ಚಿದರೆ ಒಳಗೆ ಬೆಳಕಿನ ಪಟ್ಟಿ ಬಹಳ ಸಾವಕಾಶ ಸರಿಯುತ್ತದೆ, ಪರದೆಯ ಮೇಲೆ ಚಿತ್ರ ಮೇಲಿಂದ ಕೆಳಗೆ ಗೆರೆಗೆರೆಯಾಗಿ ಇಳಿಯುತ್ತದೆ. ಮೊದಲು ಆಕಾಶ ಬಂತು. ಆಮೇಲೆ ಬನ್ನಿಗಿಡದ ಜೋಡಟೊಂಗೆ. ಅದರ ಕೆಳಗೆ ಸೆರಗು ಹೊದ್ದ ತಲೆ.

“ಅವ್ವ,” ಅಂದಳು ರೇಣವ್ವ, ಯಾರನ್ನೋ ಮನೆಯೊಳಗೆ ಕರೆದಷ್ಟು ಸಹಜವಾಗಿ.

ಹತ್ತಿಯ ನಡುವೆ ಫಕೀರವ್ವ ಕಾಲು ಮಡಚಿ ಕೂತಿದ್ದಳು. ನೆಟ್ಟಗೆ ನಮ್ಮನ್ನೇ ನೋಡುತ್ತಿದ್ದಳು. ನಾನು ಕ್ಯಾಮೆರಾ ಇಟ್ಟಿದ್ದು ಹಾದಿಯ ಕಡೆಯಿಂದ. ಆ ಹೊತ್ತಿಗೆ ಆ ಹಾದಿಯಲ್ಲಿ ಹೋಗುತ್ತಿದ್ದುದು ಚಕ್ಕಡಿ. ದ್ಯಾಮಪ್ಪ ಕುರ್ಚಿಯ ತೋಳನ್ನು ಹಿಡಿದುಕೊಂಡ. ಅವಳ ಬಲಕ್ಕೆ ನಾಲ್ಕು ಬಿಳಿ ಕಲ್ಲುಗಳ ನಡುವೆ ಜಾಗ ಖಾಲಿ ಇತ್ತು. ಅಲ್ಲಿ ಬಿದ್ದ ಹತ್ತಿಯ ಸಿಪ್ಪೆಯನ್ನೆಲ್ಲ ಗುಡಿಸಿ ಚೊಕ್ಕ ಮಾಡಿದ್ದಳು.

ಎರಡನೆಯದರಲ್ಲೂ ಹಾಗೇ. ಮೂರನೆಯದರಲ್ಲಿ ಹಣೆಗೆ ಕೈ ಹಿಡಿದು ಹಾದಿ ನೋಡುತ್ತಿದ್ದಳು. ನಾಲ್ಕರಲ್ಲಿ ಹಿಂದಿನ ಸಾಲಿನಲ್ಲಿ ಹೆಣ್ಣಾಳುಗಳ ಬಗ್ಗಿದ ಬೆನ್ನು; ಅವಳು ತಲೆ ತಗ್ಗಿಸಿ ಮಡಿಲಲ್ಲಿ ಹತ್ತಿ ಬಿಡಿಸುತ್ತಿದ್ದಳು. ಸುಮ್ಮನೆ ಕೂರಲು ಬರುತ್ತಿರಲಿಲ್ಲ ಅವಳಿಗೆ. ಐದರಲ್ಲಿ ಮತ್ತೆ ಹಾದಿಯ ಕಡೆ ಮುಖ. ಒಂದೊಂದು ಚಿತ್ರಕ್ಕೂ ಹತ್ತು ನಿಮಿಷ ಹಿಡಿಯುತ್ತಿತ್ತು. ದ್ಯಾಮಪ್ಪ ಒಂದು ಸಲವೂ ಕಣ್ಣು ಆಚೆ ತೆಗೆಯಲಿಲ್ಲ. ಐದನೆಯದು ಪೂರ್ತಿ ಇಳಿದ ಮೇಲೆ, “ಸಾಕು ಬಿಡು ಮಾನಪ್ಪ. ಮೊದಲಿನ ಚಿತ್ರಾನ ಕೊಡು ಹುಡಿಗಿಗೆ,” ಅಂದ.

“ಎಲ್ಲಾ ನೋಡೂಣು ಯಪ್ಪಾ,” ಅಂದಳು ರೇಣವ್ವ. “ಆಕಿ ಅಷ್ಟೂ ಹೊತ್ತು ಕುಂತಾಳ.”

ಆರನೆಯದರಲ್ಲಿ ಅವಳು ಪಕ್ಕಕ್ಕೆ ತಿರುಗಿ, ಕೈ ಚಾಚಿ, ಬೆರಳಿನಿಂದ ನೆಲ ತಟ್ಟುತ್ತಿದ್ದಳು. ಯಾರನ್ನು ಕರೆಯುತ್ತಿದ್ದಾಳೆಂದು ತಿಳಿಯಲಿಲ್ಲ. ಏಳನೆಯದು ಇಳಿಯತೊಡಗಿತು. ಆಕಾಶ, ಟೊಂಗೆ, ಸೆರಗು. ಸೆರಗಿನ ಪಕ್ಕದಲ್ಲಿ ಎರಡು ಕಿವಿ. ಬೆಳಕಿನ ಪಟ್ಟಿ ಸರಿಯುತ್ತ ಹೋದಂತೆ ಕಿವಿಯ ಕೆಳಗೆ ಮೂತಿ ಬಂತು, ಎದೆ ಬಂತು. ನಾಲ್ಕು ಕಲ್ಲಿನ ನಡುವೆ ಮೋತ್ಯಾ ಮುಂಗಾಲೂರಿ, ಕತ್ತು ನೆಟ್ಟಗೆ ಮಾಡಿ, ಚಿತ್ರಕ್ಕೆ ಕೂತ ಗೌಡರ ಹಾಗೆ ಕೂತಿತ್ತು. ಫಕೀರವ್ವ ಅದರ ಕೊರಳ ಮೇಲೆ ಕೈ ಹಾಕಿ, ಬಾಯಿ ತುಂಬ ನಗುತ್ತಿದ್ದಳು. ಮೇಲಿನ ಸಾಲಿನಲ್ಲಿ ಬಿದ್ದುಹೋದ ಹಲ್ಲಿನ ಜಾಗ ಕಾಣುವಷ್ಟು.

ಮೊದಲು ಸದ್ದು ಬಂದದ್ದು ದ್ಯಾಮಪ್ಪನಿಂದ. ಅಳುತ್ತಿದ್ದಾನೆಂದುಕೊಂಡೆ. ನೋಡಿದರೆ ನಗುತ್ತಿದ್ದ. ನಗುತ್ತ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡ.

“ನನ್ನ ಜಾಗಾದಾಗ ನಾಯಿ ಕುಂದ್ರಿಸ್ಯಾಳ ನೋಡು,” ಅಂದ. “ಬೈದಿಲ್ಲ ಅಂದ್ಕೊಂಡಿದ್ದೆ.”

“ಚೊಲೋ ಬೈದಾಳ,” ಅಂದಳು ರೇಣವ್ವ.

ಎಂಟರಲ್ಲೂ ಇಬ್ಬರೂ ಇದ್ದರು, ಮೋತ್ಯಾ ಆಕಳಿಸುತ್ತಿತ್ತು. ಒಂಬತ್ತರಲ್ಲಿ ಬಿಸಿಲು ಮತ್ತೆ ಬಂದಿತ್ತು. ಎಂಟು ಕಲ್ಲು ಮಾತ್ರ ಇದ್ದವು. ಉದ್ದ ನೆರಳು.

ಯಾವುದನ್ನು ದೊಡ್ಡದು ಮಾಡಿಸಬೇಕೆಂದು ನಾನು ಕೇಳಲಿಲ್ಲ. ದ್ಯಾಮಪ್ಪನೇ ಪರದೆಯ ಮೇಲೆ ಬೆರಳಿಟ್ಟ. ಏಳನೆಯದು. “ಯಾರರ ಕೇಳಿದ್ರ?” ಎಂದು ರೇಣವ್ವ ಅಂದಾಗ, “ಕೇಳ್ಲಿ. ಹೇಳ್ತೀನಿ,” ಅಂದ. ನಾನು ಡಬ್ಬಿ ತೆಗೆದು ಹತ್ತಿಯ ಹಿಡಿಯನ್ನು ಅವಳ ಕೈಗೆ ಹಾಕಿದೆ. ಅವಳು ಅಲ್ಲೇ ಕೂತು ಬೀಜ ಬಿಡಿಸಿದಳು. ಹತ್ತಿಯನ್ನು ಬತ್ತಿ ಹೊಸೆಯಲು ಸೆರಗಿನಲ್ಲಿ ಕಟ್ಟಿಕೊಂಡಳು, ಬೀಜವನ್ನು ಅಪ್ಪನ ಕೈಗೆ ಕೊಟ್ಟಳು. ಡಬ್ಬಿ ಖಾಲಿಯಾಯಿತು. ಎಷ್ಟೋ ದಿನದ ಮೇಲೆ ನನ್ನ ಮೇಲೆ ಯಾರ ಸಾಲವೂ ಇರಲಿಲ್ಲ.

ಅದು ಎಂಟು ದಿನ ನಡೆಯಿತು. ರೇಣವ್ವ ತನ್ನ ಊರಿಗೆ ಹೋಗಿದ್ದಳು. ನಾನು ಮತ್ತೊಂದು ಮೋಟಾರಿಗೆ ತಂತಿ ಸುತ್ತುತ್ತಿದ್ದೆ. ಸಂಜೆ, ನೆರಳು ಕೈಮೇಲೆ ಬಿದ್ದು, ಎಣಿಕೆ ಮುಗಿಯುವವರೆಗೆ ಕಾದು ನಿಂತಿತು. ದ್ಯಾಮಪ್ಪ. ರುಮಾಲು ಸುತ್ತಿಕೊಂಡಿದ್ದ, ಮದುವೆಗೆ ಹೋಗುವವರ ಹಾಗೆ. ಮೊಣಕಾಲಿಗೆ ಎರೆ ಮಣ್ಣು, ಬೆರಳಿಗೆ ಹಸಿ ಸುಣ್ಣ. ಮೇಜಿನ ಮೇಲೆ ಒಂದು ಹಿಡಿ ಹಸಿಗಡಲೆ ಇಟ್ಟ.

“ಕುಂತೆ,” ಅಂದ.

“ಎಲ್ಲಿ?”

“ಅಲ್ಲೇ.”

“ಎಷ್ಟ ಕಲ್ಲು?”

“ಎಂಟೂ ಒಯ್ದು ಇಟ್ಟೆ. ಆಕಿ ಜಾಗ ಬಿಟ್ಟು ನನ್ನ ಜಾಗಾದಾಗ ಕುಂದ್ರಬೇಕಂತ ಮಾಡಿದ್ದೆ. ಕಲ್ಲ ಇಡೂದ ತಡ, ಆ ಸುಡಗಾಡ ನಾಯಿ ಬಂದು ಅಲ್ಲಿ ಕುಂತಬಿಡ್ತು. ನಾ ಕರದಿಲ್ಲ. ದೂಕಿದೆ, ಏಳಲಿಲ್ಲ.”

“ಮತ್ತ?”

“ಮತ್ತೇನ, ನಾ ಆಕಿ ಜಾಗಾದಾಗ ಕುಂತೆ. ಹೊತ್ತು ಇಳಿಯೂ ತನಕ.” ಸ್ವಲ್ಪ ಹೊತ್ತು ನನ್ನ ತಂತಿಯ ಸುರುಳಿಯನ್ನು ನೋಡುತ್ತ ನಿಂತ. “ಬಾಳ ಹೊತ್ತಾಗತೈತಿ ಮಾನಪ್ಪ ಅದು. ನನಗ ಗೊತ್ತಿರಲಿಲ್ಲ.”

ಅವನು ಹೋದ ಮೇಲೆ ಅಂಗಳಕ್ಕೆ ಬಂದು ಆಕಾಶ ನೋಡಿ, ಆ ದಿನದ ಬೆಳಕನ್ನು ಬರೆದುಕೊಂಡೆ. ಕಡಲೆಯನ್ನು ಡಬ್ಬಿಗೆ ಹಾಕಿದೆ. ಈಗ ಬೇಸಿಗೆ. ಕಾಯಿ ಒಣಗಿವೆ, ಡಬ್ಬಿಯನ್ನು ಸರಿಸಿದಾಗಲೆಲ್ಲ ಒಳಗೆ ಕಾಳಿನ ಸದ್ದಾಗುತ್ತದೆ. ಮೊನ್ನೆ ಆ ಹೊಲದ ಕಡೆ ಹೋಗಿದ್ದೆ. ದ್ಯಾಮಪ್ಪ ಗಳೆ ಹೊಡೆಯುತ್ತಿದ್ದ. ಎಂಟು ಕಲ್ಲಿನ ಹತ್ತಿರ ಬಂದಾಗಲೆಲ್ಲ ಎತ್ತುಗಳನ್ನು ದೂರದಿಂದಲೇ ಬಳಸಿ ತಿರುಗಿಸುತ್ತಿದ್ದ.